ರಸ್ತೆಗೆ ಮೊದಲು ಪರೀಕ್ಷಾ ಗುಂಡಿ

ರಸ್ತೆಯೋ ಕಾಲುವೆಯೋ ಹಾದುಹೋಗಲಿರುವ ನೆಲದಡಿಯಲ್ಲಿ ಪ್ರಾಚೀನ ಮಾನವರ ನೆಲೆ ಇದೆಯೇ, ಇದ್ದರೆ ಎಷ್ಟು ಆಳದಲ್ಲಿ, ಯಾವ ಸ್ಥಿತಿಯಲ್ಲಿ ಎಂದು ತಿಳಿಯಲು ಕಾಮಗಾರಿಗೆ ಮುನ್ನ ಅಲ್ಲಲ್ಲಿ ಸಣ್ಣ ಗುಂಡಿ ತೋಡಿ ನೋಡುವುದೇ ಪರೀಕ್ಷಾ ಉತ್ಖನನ. ನೆಲೆಯನ್ನು ಪೂರ್ತಿ ಬಿಡಿಸುವುದು ಇದರ ಗುರಿಯಲ್ಲ. ರಸ್ತೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕೇ, ವಿಸ್ತಾರವಾಗಿ ಅಗೆಯಬೇಕೇ, ಅಥವಾ ನಿಶ್ಚಿಂತೆಯಿಂದ ಕೆಲಸ ಮುಂದುವರಿಸಬಹುದೇ ಎಂಬ ತೀರ್ಮಾನಕ್ಕೆ ಬೇಕಾದಷ್ಟು ಮಾಹಿತಿ ಸಿಕ್ಕರೆ ಸಾಕು.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಈ ಪರೀಕ್ಷೆ ಅಗತ್ಯ ಎನ್ನಲು ಬಲವಾದ ಕಾರಣವಿದೆ. ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ 1863ರಲ್ಲಿ ನಾಂದಿ ಹಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಆಗಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಲಿಂಗದಹಳ್ಳಿಯಿಂದ ಹಳೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ದಾಖಲಿಸಿದ್ದರು. ಬಾಬಾಬುಡನ್ ಗಿರಿಯ ತಪ್ಪಲಿನಲ್ಲಿರುವ ಈ ಊರು ತರೀಕೆರೆ ತಾಲ್ಲೂಕಿನದು. ತುಮಕೂರು ಜಿಲ್ಲೆಯ ಕಿಬ್ಬನಹಳ್ಳಿಯೂ ಅಂಥದೇ ಪ್ರಸಿದ್ಧ ನೆಲೆ. ಮೈಸೂರು ಸೀಮೆಯ ಶಿಲಾಯುಗಗಳ ಬಗ್ಗೆ ಎಂ. ಶೇಷಾದ್ರಿ 1956ರಲ್ಲಿ ಪ್ರಕಟಿಸಿದ ಗ್ರಂಥ ಈ ಅಧ್ಯಯನವನ್ನು ಮುಂದುವರಿಸಿತು. ಇಂದು ತುಮಕೂರಿನಿಂದ ಕಿಬ್ಬನಹಳ್ಳಿ ಕ್ರಾಸ್, ಅರಸೀಕೆರೆ, ಕಡೂರು, ಬೀರೂರು, ತರೀಕೆರೆಗಳ ಮೂಲಕ ಶಿವಮೊಗ್ಗಕ್ಕೆ ಸಾಗುವ ಹೆದ್ದಾರಿ ಇದೇ ಸೀಮೆಯನ್ನು ಹಾದುಹೋಗುತ್ತದೆ. ಅದನ್ನು ಚತುಷ್ಪಥವಾಗಿ ಅಗಲಿಸುವ ಕಾಮಗಾರಿಯೂ, ಅಜ್ಜಂಪುರದ ಬಳಿಯ ಭದ್ರಾ ಮೇಲ್ದಂಡೆ ಕಾಲುವೆಯ ಸುರಂಗವೂ ಅಪಾರ ಮಣ್ಣನ್ನು ಅಗೆದು ಸಾಗಿಸುವ ಕೆಲಸಗಳು.

ಪರೀಕ್ಷೆ ಶುರುವಾಗುವುದು ಗುದ್ದಲಿಯಿಂದಲ್ಲ, ಕಾಗದ ಪತ್ರಗಳಿಂದ. ಹಳೆಯ ಗ್ರಾಮನಕ್ಷೆ, ಕಂದಾಯ ದಾಖಲೆಯ ಬೇಚರಾಕ್ (ಜನವಸತಿಯಿಲ್ಲದ) ಗ್ರಾಮಗಳ ಪಟ್ಟಿ, ಉಪಗ್ರಹ ಚಿತ್ರಗಳನ್ನು ನೋಡಿ ಹಾಳೂರು, ದಿಬ್ಬ, ಹಳ್ಳದ ಹಳೆಯ ಪಾತ್ರಗಳನ್ನು ಗುರುತಿಸುತ್ತಾರೆ. ಬಳಿಕ ರಸ್ತೆ ಬರಲಿರುವ ಪಟ್ಟಿಯುದ್ದಕ್ಕೂ ಸಾಲಾಗಿ ನಡೆದು ನೆಲವನ್ನು ಗಮನಿಸುತ್ತಾರೆ. ಬೆಳೆ ಕೊಯ್ದು ಉತ್ತ ಹೊಲ ಇದಕ್ಕೆ ಒಳ್ಳೆಯದು; ಅಡಿಕೆ, ತೆಂಗಿನ ತೋಟದಲ್ಲಿ ಏನೂ ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಒಂದು ಎಚ್ಚರ ಬೇಕು. ಇಲ್ಲಿನ ರೈತರು ತಲೆತಲಾಂತರದಿಂದ ಕೆರೆಯ ಗೋಡು ಮಣ್ಣನ್ನೂ ಹಾಳೂರಿನ ಮಣ್ಣನ್ನೂ ಹೊಲಕ್ಕೆ ಹೊಡೆಯುತ್ತ ಬಂದಿದ್ದಾರೆ. ಅದರೊಡನೆ ಮಡಕೆ ಚೂರುಗಳೂ ಬಂದು ಬೀಳುತ್ತವೆ. ಮೇಲೆ ಚೂರು ಕಂಡಿತೆಂದು ಕೆಳಗೆ ನೆಲೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಗುಂಡಿ ತೋಡಲೇಬೇಕಾಗುವುದು ಇದರಿಂದಾಗಿಯೇ.

ಗುಂಡಿ ಸಾಮಾನ್ಯವಾಗಿ ಒಂದು ಅಥವಾ ಎರಡು ಮೀಟರ್ ಚೌಕದ್ದು. ರಸ್ತೆಯಂಥ ಉದ್ದನೆಯ ಪಟ್ಟಿಯಲ್ಲಿ ಕಿರಿದಾದ ಉದ್ದ ಕಂದಕಗಳನ್ನೂ ತೋಡುತ್ತಾರೆ. ಬ್ರಿಟನ್ನಿನಲ್ಲಿ ಒಟ್ಟು ನೆಲದ ನೂರಕ್ಕೆ 2ರಿಂದ 5 ಭಾಗದಷ್ಟನ್ನು ಹೀಗೆ ತೆರೆದು ನೋಡುವುದು ವಾಡಿಕೆ. ನೇಗಿಲು ಕಲಕಿದ ಮೇಲ್ಮಣ್ಣು ಹೋದ ಮೇಲೆ ಕೆಲಸ ಕರಣೆ ಮತ್ತು ಬ್ರಷ್‌ಗೆ ಇಳಿಯುತ್ತದೆ. ಮಣ್ಣಿನ ಬಣ್ಣ, ಬಿಗಿ ಬದಲಾದಂತೆ ಪದರ ಪದರವಾಗಿ ತೆಗೆದು, ಪ್ರತಿ ಪದರದ ಮಣ್ಣನ್ನು ಬೇರೆಯಾಗಿ ಜರಡಿ ಹಿಡಿಯುತ್ತಾರೆ. ಗುಂಡಿಯ ಗೋಡೆಯನ್ನು ಲಂಬವಾಗಿ ನುಣುಪು ಮಾಡಿ ಅಳತೆಗೆ ಸರಿಯಾಗಿ ಚಿತ್ರಿಸಿಕೊಳ್ಳುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಾಲಕ್ರಮಕ್ಕೆ ಆ ಗೋಡೆಯೇ ಆಧಾರ.

ನವಶಿಲಾಯುಗದ ಮನೆ ಎಂದರೆ ಅಲ್ಲಿ ಗೋಡೆ ಸಿಗುವುದಿಲ್ಲ, ಕಂಬದ ಕುಳಿ ಸಿಗುತ್ತದೆ. ನೆಟ್ಟ ಮರ ಕೊಳೆತು ಹೋದ ಜಾಗಕ್ಕೆ ಬೇರೆ ಮಣ್ಣು ಇಳಿದು, ಗಟ್ಟಿ ನೆಲದಲ್ಲಿ ಕಪ್ಪಾದ, ಮೆತ್ತನೆಯ ದುಂಡು ಕಲೆ ಉಳಿಯುತ್ತದೆ. ಅದರ ಅರ್ಧವನ್ನಷ್ಟೇ ಸೀಳಿ ತೆಗೆದರೆ ಕುಳಿಯ ಆಳ, ಕಂಬಕ್ಕೆ ಆಸರೆಯಾಗಿ ಸುತ್ತ ಬಿಗಿದ ಕಲ್ಲು ಕಾಣುತ್ತವೆ. ಹೆಗ್ಗಣದ ಬಿಲವಾದರೆ ಕೆಳಗೆ ಹೋದಂತೆ ಓರೆಯಾಗಿ ತಿರುಗುತ್ತದೆ. ಇಂಥ ಕುಳಿಗಳ ಸಾಲು ಬಾಗುತ್ತ ಹೋದರೆ ಅಲ್ಲೊಂದು ದುಂಡು ಗುಡಿಸಲಿತ್ತು ಎಂದು ಹೇಳಬಹುದು. ತೆಕ್ಕಲಕೋಟೆ ಮತ್ತು ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನಗಳಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರಿಗೆ ದುಂಡು ಮನೆಗಳ ಕುರುಹುಗಳು ಸಿಕ್ಕಿದ್ದವು. ಜೆಸಿಬಿಯ ಒಂದೇ ಬಕೆಟ್ಟಿಗೆ ಇಂಥ ಕಲೆ ಕಾಣದಂತೆ ಅಳಿಸಿಹೋಗುತ್ತದೆ.

ಒಲೆಯ ಬೂದಿಮಣ್ಣನ್ನು ನೀರಿನಲ್ಲಿ ಕಲಕಿದರೆ ಸುಟ್ಟು ಕರಿದಾದ ಕಾಳುಗಳು ತೇಲುತ್ತವೆ. ಬಳ್ಳಾರಿ ಬಳಿಯ ಸಂಗನಕಲ್ಲು, ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತವರ ಸಂಗಡಿಗರು ಹೀಗೆ ಪರೀಕ್ಷಿಸಿದಾಗ ಹುರುಳಿ, ಹೆಸರು, ಕೊರಲೆಗಳು ದಕ್ಷಿಣ ಭಾರತದ ಮೊದಲ ಬೇಸಾಯದ ಮುಖ್ಯ ಬೆಳೆಗಳಾಗಿದ್ದವು ಎಂಬುದು ಸ್ಪಷ್ಟವಾಯಿತು. ಹುರುಳಿ ಇಂದಿಗೂ ಕಡೂರು ಸೀಮೆಯ ಹೊಲಗಳ ಬೆಳೆ. ಅಂಥ ಒಂದೇ ಕಾಳಿನಿಂದ ರೇಡಿಯೋ ಕಾರ್ಬನ್ ವಿಧಾನದಲ್ಲಿ ಕಾಲ ನಿರ್ಣಯಿಸಬಹುದು. ಆದರೆ ಆ ವಿಧಾನ ಸುಮಾರು 50,000 ವರ್ಷಗಳಾಚೆಗೆ ನಡೆಯದು. ಲಿಂಗದಹಳ್ಳಿಯ ಆಯುಧಗಳಂಥ ಹಳೆ ಶಿಲಾಯುಗದ ವಸ್ತುಗಳಿಗೆ ಬೇರೆ ದಾರಿ ಬೇಕು. ಹುಣಸಗಿ ಬಳಿಯ ಇಸಾಂಪುರದಲ್ಲಿ ಪ್ರಾಣಿಗಳ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನ ವಿಧಾನದಿಂದ ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಯಿತು.

ಭಾರತದ ಕಾನೂನು ಸಂರಕ್ಷಿತ ಸ್ಮಾರಕಗಳನ್ನು ಬಿಗಿಯಾಗಿ ಕಾಯುತ್ತದೆ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಹೊಯ್ಸಳ ದೇವಾಲಯಕ್ಕೆ ಆ ರಕ್ಷಣೆಯಿದೆ. ಅಧಿಸೂಚನೆಯಾಗದ ಹೊಲವೊಂದರ ಕಲ್ಲಾಯುಧಗಳಿಗೆ ಅದು ಸಿಗುವುದಿಲ್ಲ. ಇದು ದೊಡ್ಡ ಕೊರತೆ. 1992ರ ವಾಲೆಟ್ಟಾ ಒಪ್ಪಂದ ಯುರೋಪಿನ ದೇಶಗಳಲ್ಲಿ ಯೋಜನೆಯ ಹಂತದಲ್ಲೇ ಪುರಾತತ್ವವನ್ನು ಸೇರಿಸಿ, ಅದರ ವೆಚ್ಚವನ್ನು ಕಾಮಗಾರಿಯಿಂದಲೇ ಭರಿಸುವ ಏರ್ಪಾಡು ಮಾಡಿತು. ಇಂಗ್ಲೆಂಡಿನ ಕೇಂಬ್ರಿಜ್–ಹಂಟಿಂಗ್ಡನ್ ನಡುವಿನ ಎ14 ಹೆದ್ದಾರಿಗೆ ಮುನ್ನ ಸುಮಾರು 250 ಪುರಾತತ್ವಜ್ಞರು ದುಡಿದರು.

ರಸ್ತೆಯ ಪಟ್ಟಿಯೊಂದನ್ನೇ ನೋಡಿದರೂ ಸಾಲದು. ಏರಿಗೆ ಬೇಕಾದ ಗ್ರಾವೆಲ್, ಜಲ್ಲಿಗಳು ಅಕ್ಕಪಕ್ಕದ ಹೊಲ, ಹಳ್ಳದ ದಂಡೆ, ಗುಡ್ಡಗಳಿಂದ ಬರುತ್ತವೆ, ಹಳೆ ಶಿಲಾಯುಗದ ಆಯುಧಗಳು ಹೆಚ್ಚಾಗಿ ಅಡಗಿರುವುದೂ ಹಳ್ಳಗಳ ಹಳೆಯ ಜಲ್ಲಿ ಪದರಗಳಲ್ಲೇ. ಮಣ್ಣು ತೆಗೆಯುವ ಆ ಜಾಗಗಳಲ್ಲೂ ಗುಂಡಿ ತೋಡಿ ನೋಡಬೇಕು. ಪರೀಕ್ಷೆ ಮುಗಿದ ಬಳಿಕ ಗುಂಡಿಯ ತಳಕ್ಕೆ ಹಾಳೆ ಅಥವಾ ಮರಳು ಹಾಸಿ ಮಣ್ಣು ಮುಚ್ಚುತ್ತಾರೆ. ಮುಂದೆ ಯಾರಾದರೂ ಅಗೆದರೆ ಎಲ್ಲಿಯವರೆಗೆ ತೆಗೆಯಲಾಗಿತ್ತು ಎಂದು ಆ ಹಾಸು ತೋರಿಸುತ್ತದೆ. ಏನೂ ಸಿಗದ ಗುಂಡಿಯ ವಿವರವೂ ವರದಿಯಲ್ಲಿ ಸೇರುತ್ತದೆ, ಮತ್ತು ನೆಲೆ ಖಚಿತವಾದ ಕಡೆ ಮೇಲ್ಮಣ್ಣು ಎತ್ತುವ ದಿನ ಯಂತ್ರದ ಪಕ್ಕ ಒಬ್ಬ ಪುರಾತತ್ವಜ್ಞ ನಿಂತಿರುತ್ತಾನೆ.