ನಿಮಗಿದು ಗೊತ್ತೇ? ಹಳೇ ಜಾವಾ ಕಿಡಿ ಕೊಡದಿದ್ದರೆ…

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಪೋರ್ಟಿಕೋಗಳಲ್ಲಿ ತಾತನ ಕಾಲದ ಜಾವಾ, ಯೆಜ್ಡಿಗಳು ಇನ್ನೂ ಇವೆ. ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ, ಸೀಟು ಹೊಲಿಸಿದ ಮೇಲೂ ಕಿಕ್ ಹೊಡೆದು ಹೊಡೆದು ಕಾಲು ಸೋತವರಿಗಾಗಿ ಈ ಸಲದ ಅಂಕಣ.

ಜಾವಾ ಮೂಲತಃ ಚೆಕ್ ದೇಶದ್ದು, 1929ರಲ್ಲಿ ಶುರುವಾದ ಕಂಪನಿ. ಆದರೆ ನಮ್ಮ ಬೀದಿಗಳಲ್ಲಿ ಓಡಿದ ಜಾವಾ ಅಪ್ಪಟ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿ ಆರಂಭವಾಯಿತು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಳೆಯ ಜಾವಾದ ಬ್ಯಾಟರಿ ಬರೀ 6 ವೋಲ್ಟಿನದು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಬೇಕಾಗುವುದು ಸಾವಿರಾರು ವೋಲ್ಟ್. ನಡುವಿನ ಕೆಲಸವೆಲ್ಲ ಇಗ್ನಿಷನ್ ಕಾಯಿಲ್ ಮತ್ತು ಅದರ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚಾದ ಪಾಯಿಂಟ್‌ನದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮೋಟಾರು ಕಾರಿಗಾಗಿ ರೂಪಿಸಿದ ಈ ಏರ್ಪಾಡಿಗೆ ನೂರು ವರ್ಷ ದಾಟಿದೆ.

ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಜಾವಾದ ಪಾಯಿಂಟ್ ಸೆಕೆಂಡಿಗೆ 66 ಸಲ ತೆರೆದು ಮುಚ್ಚುತ್ತದೆ! ಟು-ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ಫೋರ್-ಸ್ಟ್ರೋಕ್ ಬುಲೆಟ್‌ಗೆ ಅದರ ಅರ್ಧ ಸಾಕು. ಪಾಯಿಂಟ್ ಪೂರ್ತಿ ತೆರೆದಾಗಿನ ಅಂತರ 0.4 ಮಿ.ಮೀ., ಅಂದರೆ ನೋಟ್‌ಬುಕ್ಕಿನ ನಾಲ್ಕು ಹಾಳೆ ಒಟ್ಟಿಗೆ ಇಟ್ಟಷ್ಟು. ಈ ಅಂತರ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಹೆಚ್ಚಾದರೆ ಕಿಡಿ ಬೇಗ, ಕಡಿಮೆಯಾದರೆ ತಡ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿಸಿದವರು ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಗ್ಯಾಪ್ ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲುತ್ತಿಲ್ಲವೇ? ತಪ್ಪು ಪಾಯಿಂಟ್‌ನದಲ್ಲದೆ ಇರಬಹುದು. ಜಾವಾದಲ್ಲಿ ಪಾಯಿಂಟ್ ಎತ್ತುವ ಕ್ಯಾಮ್ ಕೂತಿರುವುದು ಕ್ರ್ಯಾಂಕಿನ ತುದಿಯಲ್ಲೇ. ಕ್ರ್ಯಾಂಕ್ ಬೇರಿಂಗ್ ಸವೆದು ಆಟ ಬಂದಿದ್ದರೆ ಕ್ಯಾಮ್ ಅಲುಗುತ್ತದೆ, ಗ್ಯಾಪ್ ಪ್ರತಿ ಸುತ್ತಿಗೂ ಬೇರೆಯಾಗುತ್ತದೆ. ಆ ಬದಿಯ ಆಯಿಲ್ ಸೀಲ್ ಸೋತಿದ್ದರೆ ಪಾಯಿಂಟ್ ಮೇಲೆ ಎಣ್ಣೆ ಕೂರುತ್ತದೆ. ಬಲಗಡೆಯ ಕವರ್ ತೆಗೆದು ಡೈನಮೋದ ತಿರುಗುವ ಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಕಿಡಿ ಇದೆಯೋ ಇಲ್ಲವೋ ನೋಡಲು ಯಾವ ಮೀಟರೂ ಬೇಡ. ಪ್ಲಗ್ ಬಿಚ್ಚಿ ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿ, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ನೀಲಿ ಕಿಡಿ ಚಟ್ಟೆಂದು ಹಾರಿದರೆ ಕ್ಷೇಮ. ಹಳದಿಯಾಗಿ ಸಪ್ಪಗಿದ್ದರೆ ಎಲ್ಲೋ ಸೋರಿಕೆ ಇದೆ. ಪ್ಲಗ್ ಹಿಡಿದ ಕೈ ಪ್ಲಗ್ ತೂತಿನಿಂದ ದೂರವಿರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ.

ಕಂಡೆನ್ಸರ್ ಗಾತ್ರದಲ್ಲಿ ಹೆಬ್ಬೆರಳಿಗಿಂತ ಚಿಕ್ಕದು, ಕೊಡುವ ಕಾಟ ದೊಡ್ಡದು. ಪಾಯಿಂಟ್ ತೆರೆದ ಕ್ಷಣ ಕರೆಂಟು ಅಲ್ಲೇ ಹಾರಲು ನೋಡುತ್ತದೆ. ಅದನ್ನು ಹೀರಿಕೊಳ್ಳುವುದು ಕಂಡೆನ್ಸರ್. ಅದು ಸತ್ತರೆ ಪಾಯಿಂಟ್‌ನಲ್ಲೇ ಚಿಟಿಚಿಟಿ ಕಿಡಿ ಕಾಣುತ್ತದೆ, ಪ್ಲಗ್ಗಿಗೆ ಬಲ ಸಾಲುವುದಿಲ್ಲ. ಪಾಯಿಂಟ್‌ನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಸಣ್ಣ ಮೊಡವೆ ಎದ್ದಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಗಾಂಧಿ ಬಜಾರ್ ತಲುಪುವಷ್ಟರಲ್ಲಿ ಬಿಸಿಯೇರಿ ನಿಂತುಬಿಡುವ ಗಾಡಿಯದೂ ಹೆಚ್ಚಾಗಿ ಇದೇ ಕಾಯಿಲೆ, ಇಲ್ಲವೇ ಕಾಯಿಲ್ ಒಳಗೆ ಸುಟ್ಟಿರುತ್ತದೆ.

ಹೊಸ ಬಣ್ಣವೇ ಗಾಡಿಯನ್ನು ನಿಲ್ಲಿಸಬಲ್ಲದು! ರಿಸ್ಟೋರ್ ಮಾಡಿದ ಗಾಡಿಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಿ ಎನ್ನುವುದು ಇದನ್ನೇ. ಕರೆಂಟು ಬ್ಯಾಟರಿಗೆ ಮರಳುವ ದಾರಿ ಗಾಡಿಯ ಲೋಹದ ಮೈ. ಪೌಡರ್ ಕೋಟಿಂಗ್ ಮಾಡಿಸಿದ ಫ್ರೇಮಿನ ಮೇಲೆ ಅರ್ಥ್ ವೈರನ್ನು ಹಾಗೇ ಬೋಲ್ಟ್ ಮಾಡಿದರೆ ಬಣ್ಣ ಅಡ್ಡ ಬರುತ್ತದೆ. ದೀಪ ಮಂಕು, ಕಿಡಿ ಬಡಕಲು. ಬೋಲ್ಟ್ ಕೂರುವ ಜಾಗದಲ್ಲಿ ಮಾತ್ರ ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ, ವೈರ್ ಬಿಗಿದು, ಮೇಲೆ ತುಸು ಗ್ರೀಸ್ ಸವರಿ. ಖರ್ಚಿಲ್ಲದ ರಿಪೇರಿ ಇದು.

ಟು-ಸ್ಟ್ರೋಕ್ ಎಂಜಿನ್ ತಿರುಗುಮುರುಗಾಗಿಯೂ ಓಡಬಲ್ಲದು. ಕಿಡಿ ತೀರ ಬೇಗ ಬಿದ್ದು, ಕಿಕ್ ಸಡಿಲವಾಗಿದ್ದರೆ ಪಿಸ್ಟನ್ ಹಿಂದಕ್ಕೆ ಒದ್ದು ಉಲ್ಟಾ ತಿರುಗುತ್ತದೆ. ಆಗ ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ! ತಕ್ಷಣ ಆಫ್ ಮಾಡಿ, ಟೈಮಿಂಗ್ ನೋಡಿಸಿ.



ಹೆಡ್‌ಲೈಟ್ ಮೇಲೆ ಚುಚ್ಚುವ ಮೊಳೆಯಂಥ ಕೀಗೆ ಇನ್ನೊಂದು ಉಪಯೋಗವಿದೆ. ಬ್ಯಾಟರಿ ಪೂರ್ತಿ ಇಳಿದಿದ್ದರೂ ಗಾಡಿ ತಳ್ಳಿ ಸ್ಟಾರ್ಟ್ ಮಾಡಲೆಂದೇ ಸ್ವಿಚ್‌ನಲ್ಲಿ ಒಂದು ಸ್ಥಾನ ಇಟ್ಟಿದ್ದರು.

ಆಯುಧಪೂಜೆಯ ಹಿಂದಿನ ದಿನ ಪೈಪ್ ಹಿಡಿದು ತೊಳೆದ ಗಾಡಿ ಹಬ್ಬದ ದಿನ ಹೊರಡದಿದ್ದರೆ ಮೊದಲು ಪ್ಲಗ್ ಕ್ಯಾಪ್ ಒಳಗಿನ ನೀರು ಒರೆಸಿ. ಕಾಯಿಲ್‌ನಿಂದ ಪ್ಲಗ್ಗಿಗೆ ಹೋಗುವ ದಪ್ಪ ವೈರಿನ ರಬ್ಬರ್ ಬಿರಿದಿದೆಯೇ ಎಂದು ತಿಳಿಯಲು ಎಂಜಿನ್ ಓಡುವಾಗ ರಾತ್ರಿ ದೀಪ ಆರಿಸಿ ನೋಡಿ, ಸೋರುವ ಕಡೆ ನೀಲಿ ಗೆರೆ ಮಿನುಗುತ್ತದೆ. ಮುಟ್ಟಬೇಡಿ.

ದೇಶದ ಎಷ್ಟೋ ಗಾಡಿಗಳಿಗೆ ಕಿಡಿ ಕೊಟ್ಟ ಮೈಕೋ ಪ್ಲಗ್ ನಮ್ಮ ಬೆಂಗಳೂರಿನ ಕಂಪನಿಯದು. 1951ರಲ್ಲಿ ಸ್ಥಾಪನೆಯಾದ ಮೈಕೋ ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು.

ಮಿನರ್ವ ಸರ್ಕಲ್‌ನಿಂದ ಟೌನ್‌ಹಾಲ್‌ವರೆಗಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುವಾಗ 6 ವೋಲ್ಟಿನ ಕಾಯಿಲ್ ಎಂದು ಒತ್ತಿ ಹೇಳಿ. 12 ವೋಲ್ಟಿನದನ್ನು 6 ವೋಲ್ಟ್ ಗಾಡಿಗೆ ಹಾಕಿದರೆ ಕೂರುತ್ತದೆ, ಕಿಡಿ ಮಾತ್ರ ಬಡವಾಗುತ್ತದೆ. ಬಿಚ್ಚಿದ ಹಳೆಯ ಪಾಯಿಂಟ್, ಕಂಡೆನ್ಸರ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಹೊಸದು ಕೈಕೊಟ್ಟಾಗ ಹೋಲಿಸಿ ನೋಡಲು ಅವೇ ಬೇಕು, ಮತ್ತು ಹಳೆಯ ಮಾಲಿನ ಗಟ್ಟಿತನ ಇಂದಿನ ನಕಲಿಗಿಲ್ಲ.

50 ವರ್ಷ ದಾಟಿದ ಮೂಲರೂಪದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. 2021ರ ಕೇಂದ್ರ ನಿಯಮದ ಪ್ರಕಾರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’. ದಿನನಿತ್ಯದ ಓಡಾಟಕ್ಕೆ ಮಾತ್ರ ಅದನ್ನು ಬಳಸುವಂತಿಲ್ಲ.

ಮನೆಯ ಮೂಲೆಯ ಜಾವಾವನ್ನು ಗುಜರಿಗೆ ತೂಕಕ್ಕೆ ಹಾಕುವ ಯೋಚನೆ ಇದ್ದರೆ ಒಂದು ಭಾನುವಾರ ತಡೆಯಿರಿ. ಬ್ಯಾಟರಿ ಚಾರ್ಜ್ ಮಾಡಿಸಿ, ಅರ್ಥ್ ಉಜ್ಜಿ, ಪಾಯಿಂಟ್ ಒರೆಸಿ, ಹೊಸ ಪ್ಲಗ್ ಹಾಕಿ ಕಿಡಿ ನೋಡಿ. ಆಮೇಲೆ ತೀರ್ಮಾನ ಮಾಡಿ.