ಬೇರೆ ಲೋಟ

ಎಚ್‌ಐವಿ ಕುರಿತು ಬರೆಯುವವರು 'ಕಳಂಕ' ಎಂಬ ಪದವನ್ನು ಬಲು ಸಲೀಸಾಗಿ ಬಳಸುತ್ತಾರೆ. ನನಗದು ಒಗ್ಗುವುದಿಲ್ಲ. ಕಳಂಕವೆಂದರೆ ರೋಗ ಬಂದವರ ಮೈಮೇಲಿನ ಕಲೆ ಎಂದಾಗುತ್ತದೆ. ಹಚ್ಚಿದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಬೇರೆ ತಟ್ಟೆ, ಬೇರೆ ಲೋಟ, ಮೂಲೆಯಲ್ಲಿ ಬೇರೆ ಚಾಪೆ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆಯಲ್ಲ, ಅಸ್ಪೃಶ್ಯತೆ.

ಸೋಂಕು ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತ, ಸೂಜಿಗಳಿಂದ, ತಾಯಿಯಿಂದ ಮಗುವಿಗೆ. ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ. ಗೋಡೆಬರಹ, ಬೀದಿನಾಟಕಗಳಲ್ಲಿ ಇದನ್ನು ಹೇಳಿ ಹೇಳಿ ವರ್ಷಗಳೇ ಕಳೆದವು. ಆದರೂ ಲೋಟ ಬೇರೆಯೇ. ಇದು ಬರೀ ಅಜ್ಞಾನ ಅಲ್ಲ ಕಣ್ರಿ. ಮುಟ್ಟಿದರೆ ಮೈಲಿಗೆ ಎಂದು ತಲೆಮಾರುಗಳಿಂದ ಪಳಗಿದ ಸಮಾಜ ಹೊಸ ರೋಗಕ್ಕೆ ಹೊಸ ಭಯ ಕಲಿಯಬೇಕಾಗಲಿಲ್ಲ. ಪ್ರಭುತ್ವವೂ ಅಷ್ಟೆ: 1989ರಲ್ಲಿ ಗೋವಾದಲ್ಲಿ ಡಾಮಿನಿಕ್ ಡಿಸೋಜಾ ಎಂಬ ತರುಣನನ್ನು, ಸೋಂಕಿದೆ ಎಂಬ ಒಂದೇ ಕಾರಣಕ್ಕೆ, ಕಾನೂನಿನ ಬಲದಿಂದಲೇ 64 ದಿನ ಕೂಡಿಹಾಕಿತ್ತು. ಇನ್ನೂ ನೋವಿನ ಮಾತೆಂದರೆ, ಹೋಟೆಲಿನ ಬೇರೆ ಲೋಟದ ವಿರುದ್ಧ ಹೋರಾಡಿದ ನಮ್ಮ ಕೇರಿಗಳಲ್ಲೂ ಸೋಂಕಿತ ಸೊಸೆಗೆ ಬೇರೆ ಲೋಟ ಇಡುವುದುಂಟು.

2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿದರೆ ವೈರಸ್ಸು ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಆಗ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಆಯುಸ್ಸೇನೋ ಸಿಕ್ಕಿತು, ಬದುಕು? ಅದನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ 31 ಪ್ರಶ್ನೆಗಳ ನಮೂನೆಯೊಂದನ್ನು ಮಾಡಿದೆ. ನಿದ್ದೆ, ನೋವು, ಹಣದ ಜೊತೆಗೆ ಜನರ ದೂಷಣೆ ಎಷ್ಟು ಕಾಡುತ್ತದೆಂದೂ ಕೇಳುತ್ತದೆ. ಒಳ್ಳೆಯದೇ. ಜಾತಿಯ ಪ್ರಶ್ನೆ ಮಾತ್ರ ಅದರಲ್ಲಿಲ್ಲ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಳ್ಳಿಯಲ್ಲಿ ಜಾತಿಯನ್ನು ಮುಚ್ಚಿಡಲಾಗದು, ಈ ಸೋಂಕನ್ನು ಮುಚ್ಚಿಡಬಹುದು. ಹಾಗಾಗಿ ಮುಚ್ಚಿಡುವುದೇ ಒಂದು ದುಡಿಮೆ. ಗುರುತಿನವರು ಕಂಡಾರೆಂದು ದೂರದ ಜಿಲ್ಲೆಯ ಆಸ್ಪತ್ರೆಗೆ ಹೋಗಬೇಕು. ಬಸ್ಸಿನ ಖರ್ಚು ಒಂದು, ಹೋದ ದಿನದ ಕೂಲಿ ಇನ್ನೊಂದು. ಡಬ್ಬಿಯ ಮೇಲಿನ ಚೀಟಿ ಕೆರೆದು ತೆಗೆಯಬೇಕು. ನೆಂಟರು ಬಂದ ದಿನ ಮಾತ್ರೆ ತಪ್ಪುತ್ತದೆ. ಹೀಗೆ ತಪ್ಪುತ್ತಾ ಹೋದರೆ ವೈರಸ್ಸು ಮತ್ತೆ ಏರುತ್ತದೆ, ಔಷಧಿಗೆ ಬಗ್ಗದಂತಾಗುತ್ತದೆ. ಊರಿನವರ ಕಣ್ಣು ರಕ್ತಕ್ಕೆ ಇಳಿಯುವುದು ಹೀಗೆ.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದ್ದಲ್ಲದೆ, ಕೂಡುಮನೆಯಿಂದ ಹೊರದೂಡುವಂತಿಲ್ಲ, ಅಲ್ಲಿನ ಸೌಕರ್ಯಗಳನ್ನು ಭೇದವಿಲ್ಲದೆ ಬಳಸಲು ಬಿಡಬೇಕು ಎನ್ನುತ್ತದೆ. ಅಂದರೆ ಕಾಯ್ದೆ ಅಡುಗೆಮನೆಯವರೆಗೂ ಬಂದಿದೆ. ನಮ್ಮ ಶಿಬಿರಗಳಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಸಾಲುಸಾಲಾಗಿ ಓದಿಸುತ್ತೇವೆ. ಇದನ್ನು ಓದಿಸಿದ್ದನ್ನು ನಾನಂತೂ ಕಂಡಿಲ್ಲ.