ಊರಿಗೆ ಹೋಗೋಕೆ ಯಾವ ಏರ್‌ಪೋರ್ಟಲ್ಲಿ ಇಳೀಬೇಕು? ವಿಮಾನದ ನಂತರ ರೈಲು ಹಿಡಿಯುವವರಿಗೆ ಒಂದು ಲೆಕ್ಕ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಬಹುದು.

ನಾನಿರೋದು ದೆಹಲಿಯಲ್ಲಿ, ಊರು ಕುಮಟಾ. ಕುಮಟಾದಲ್ಲಿ ರೈಲ್ವೆ ಸ್ಟೇಷನ್ ಇದೆ, ಏರ್‌ಪೋರ್ಟ್ ಇಲ್ಲ. ನಿಮ್ಮಲ್ಲಿ ತುಂಬಾ ಜನರ ಕಥೆ ಇದೇ ಇರುತ್ತೆ: ಹೊನ್ನಾವರ, ಭಟ್ಕಳ, ಕುಂದಾಪುರ, ರಾಯಚೂರು. ಅರ್ಧ ದಾರಿ ವಿಮಾನ, ಉಳಿದರ್ಧ ರೈಲು. ಹಾಗಾದರೆ ಯಾವ ಊರಿನ ಏರ್‌ಪೋರ್ಟಲ್ಲಿ ಇಳೀಬೇಕು?

ನಾನು ಬಹಳ ವರ್ಷ ಇದಕ್ಕೆ ಟಿಕೆಟ್ ದರ ನೋಡಿ ಉತ್ತರ ಕಂಡುಕೊಳ್ತಿದ್ದೆ. ಆ ಅಭ್ಯಾಸ ಒಂದೇ ದಿನದಲ್ಲಿ ಬಿಟ್ಟುಹೋಯ್ತು. ಅಪ್ಪನಿಗೆ ಶನಿವಾರ ಬೆಳಗ್ಗೆ ಆಪರೇಷನ್ ಇತ್ತು. ಗೋವಾ ವಿಮಾನಕ್ಕಿಂತ ಬೆಂಗಳೂರು ವಿಮಾನ 1,800 ರೂಪಾಯಿ ಕಡಿಮೆ. ಮಧ್ಯಾಹ್ನ ಬೆಂಗಳೂರಲ್ಲಿ ಇಳಿದು, ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದು, ಬೆಳಗ್ಗೆ ಕುಮಟಾ. ಕಾಗದದ ಮೇಲೆ ನಾಲ್ಕೂವರೆ ಗಂಟೆ ಕೈಯಲ್ಲಿತ್ತು. ವಿಮಾನ ದೆಹಲಿಯಲ್ಲೇ ಎರಡೂವರೆ ಗಂಟೆ ತಡ ಆಯ್ತು. ಬ್ಯಾಗ್ ಬರೋಕೆ ಇನ್ನರ್ಧ ಗಂಟೆ. ಹೆಬ್ಬಾಳದ ಹತ್ತಿರ ಟ್ಯಾಕ್ಸಿ ನಿಂತೇಬಿಟ್ಟಿತು. ಸ್ಟೇಷನ್ ಮುಟ್ಟೋ ಹೊತ್ತಿಗೆ ರೈಲು ಹೋಗಿ ಹದಿನೈದು ನಿಮಿಷ ಆಗಿತ್ತು. ಸೋಮವಾರ ರಜೆ ಸೇರಿ ಸಾಲು ರಜೆ ಬೇರೆ, ರಾತ್ರಿ ಬಸ್ಸುಗಳೆಲ್ಲ ಭರ್ತಿ. ಮರುದಿನ ಬೆಳಗಿನ ಬಸ್ ಹತ್ತಿ ಊರು ಮುಟ್ಟಿದಾಗ ಸಂಜೆ. ಅಪ್ಪನನ್ನು ಒಳಗೆ ಕರ್ಕೊಂಡು ಹೋಗುವಾಗ ಕಾಗದಕ್ಕೆ ಸಹಿ ಹಾಕೋಕೆ ಅಮ್ಮ ಒಬ್ಬಳೇ ಇದ್ದಳು. ಆಪರೇಷನ್ ಸುಸೂತ್ರವಾಗಿ ಆಯ್ತು. ಅಮ್ಮ ಬೈಯಲೂ ಇಲ್ಲ. "ಬಂದ್ಯಾ ತಮಾ, ಊಟ ಮಾಡು" ಅಂದಳು ಅಷ್ಟೇ. ಬೈದಿದ್ದರೆ ಒಳ್ಳೇದಿತ್ತು.

ಸರಾಸರಿ ದಿನ ಅಲ್ಲ, ಕೆಟ್ಟ ದಿನ

ನನ್ನ ಕೆಲಸದಲ್ಲಿ ಸರ್ವರ್ ಸರಾಸರಿ ಎಷ್ಟು ವೇಗ ಅಂತ ನೋಡಿ ಯಾರೂ ಸಮಾಧಾನ ಪಡಲ್ಲ. ನೂರು ಸಲದಲ್ಲಿ ಅತಿ ನಿಧಾನ ಆದ ಒಂದು ಸಲ ಏನಾಯ್ತು ಅಂತ ನೋಡ್ತೀವಿ. ಇಲ್ಲೂ ಹಾಗೇ. ಎಲ್ಲ ಸರಿ ಇದ್ದ ದಿನ ಯಾವ ಏರ್‌ಪೋರ್ಟಲ್ಲಿ ಇಳಿದರೂ ಊರು ಸೇರ್ತೀವಿ. ಕೇಳಬೇಕಾದ ಪ್ರಶ್ನೆ ಇದು: ಈ ರೈಲು ತಪ್ಪಿದರೆ ಮುಂದೇನು? ಅದಕ್ಕೆ ಒಳ್ಳೇ ಉತ್ತರ ಕೊಡೋ ಏರ್‌ಪೋರ್ಟೇ ಸರಿಯಾದ ಏರ್‌ಪೋರ್ಟ್.

ಇನ್ನೊಂದು ವಿಷಯ ನೆನಪಿರಲಿ. ಎರಡು ರೈಲು ಟಿಕೆಟ್‌ಗಳ ಪಿಎನ್‌ಆರ್ ಜೋಡಿಸುವ ಸೌಲಭ್ಯ 2019ರಿಂದ ಇದೆ. ಮೊದಲ ರೈಲು ತಡ ಆಗಿ ಎರಡನೇದು ತಪ್ಪಿದರೆ ಪ್ರಯಾಣ ಮಾಡದ ಭಾಗದ ಹಣ ವಾಪಸ್ ಕೇಳಬಹುದು. ವಿಮಾನಕ್ಕೂ ರೈಲಿಗೂ ಇಂಥ ಜೋಡಣೆ ಇಲ್ಲ. ವಿಮಾನದವರಿಗೆ ನಿಮ್ಮ ರೈಲು ಗೊತ್ತಿಲ್ಲ, ರೈಲಿನವರಿಗೆ ನಿಮ್ಮ ವಿಮಾನ ಗೊತ್ತಿಲ್ಲ. ಮಧ್ಯದ ನಷ್ಟ ಪೂರ್ತಿ ನಮ್ಮದೇ.

ಕುಮಟಾಕ್ಕೆ ನಾಲ್ಕು ದಾರಿ

ಬೆಂಗಳೂರು: ವಿಮಾನಗಳು ಬೇಕಾದಷ್ಟು. ಆದರೆ ದೇವನಹಳ್ಳಿ ಏರ್‌ಪೋರ್ಟಿಂದ ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ ಸ್ಟೇಷನ್‌ಗೆ ಸುಮಾರು 35 ಕಿ.ಮೀ., ಅದೂ ಸಂಜೆಯ ಟ್ರಾಫಿಕ್ಕಿನಲ್ಲಿ. ರೈಲು ಯಶವಂತಪುರದಿಂದಲೋ, ಬೈಯಪ್ಪನಹಳ್ಳಿಯ ಎಸ್‌ಎಂವಿಟಿಯಿಂದಲೋ, ಮೆಜೆಸ್ಟಿಕ್‌ನಿಂದಲೋ ಅಂತ ಟಿಕೆಟ್ ಮೇಲೆ ಸರಿಯಾಗಿ ನೋಡ್ಕೊಳ್ಳಿ, ಮೂರೂ ಬೇರೆ ಬೇರೆ ದಿಕ್ಕು. ಕಾರವಾರದ ಕಡೆ ರಾತ್ರಿ ಗಾಡಿ ಅಂದರೆ ಪಂಚಗಂಗಾ. ಹಗಲಿನ ಇನ್ನೊಂದು ಗಾಡಿ ದಿನವೂ ಓಡಲ್ಲ. ತಪ್ಪಿದರೆ ಉಳಿಯೋದು ರಾತ್ರಿ ಬಸ್, ಸೀಟಿದ್ದರೆ.

ಮಂಗಳೂರು: ಬಜ್ಪೆ ಏರ್‌ಪೋರ್ಟಿಂದ ಪೇಟೆ ಹತ್ತಿರ, ಟ್ರಾಫಿಕ್ಕಿನ ತಲೆಬಿಸಿ ಕಡಿಮೆ. ರೈಲಿಗೆ ಎರಡು ಸ್ಟೇಷನ್: ಸೆಂಟ್ರಲ್ ಮತ್ತು ಜಂಕ್ಷನ್. ಮುಂಬೈಗೆ ಹೋಗುವ ಮತ್ಸ್ಯಗಂಧ ಸೆಂಟ್ರಲ್‌ನಿಂದ ಹೊರಡುತ್ತೆ; ಕೇರಳದಿಂದ ಬರುವ ನೇತ್ರಾವತಿಯಂಥವು ಜಂಕ್ಷನ್‌ನಲ್ಲಿ ಮಾತ್ರ ನಿಲ್ತವೆ. ರೈಲು ತಪ್ಪಿದರೂ ಉಡುಪಿ, ಕುಂದಾಪುರದ ಕಡೆ ಬಸ್ಸಿಗೆ ಬರ ಇಲ್ಲ. ಕುಂದಾಪುರದವರೆಗಿನವರು ಬೇರೆ ಯೋಚನೆ ಮಾಡೋದೇ ಬೇಡ, ಇಲ್ಲೇ ಇಳೀರಿ. ಕುಮಟಾ ಇಲ್ಲಿಂದ ಸುಮಾರು 200 ಕಿ.ಮೀ., ಸ್ವಲ್ಪ ದೂರವೇ. ಇನ್ನೊಂದು, ಬಜ್ಪೆಯದು ಗುಡ್ಡದ ಮೇಲಿನ ರನ್‌ವೇ. ಜೋರು ಮಳೆಯಲ್ಲಿ ಕಣ್ಣಿಗೆ ದಾರಿ ಕಾಣದೇ ವಿಮಾನ ಬೇರೆ ಊರಿಗೆ ತಿರುಗೋದುಂಟು.

ಗೋವಾ: ಇಲ್ಲಿ ಒಂದು ಗುಂಡಿ ಇದೆ. ಗೋವಾದಲ್ಲಿ ಈಗ ಎರಡು ಏರ್‌ಪೋರ್ಟ್. ಹಳೇದು ದಾಬೋಲಿಂ, ಕೋಡ್ ಜಿಓಐ. ಹೊಸದು ಉತ್ತರದ ಮೋಪಾ, ಕೋಡ್ ಜಿಓಎಕ್ಸ್, 2023ರ ಜನವರಿಯಿಂದ ನಡೀತಿದೆ. ಬುಕಿಂಗ್ ಆ್ಯಪ್‌ನಲ್ಲಿ 'ಗೋವಾ' ಅಂತ ಹುಡುಕಿದರೆ ಎರಡೂ ಬರ್ತವೆ, ಮೋಪಾ ಅಗ್ಗ ಕಂಡ ಕೂಡಲೇ ಕೈ ಅಲ್ಲಿಗೇ ಹೋಗುತ್ತೆ. ದಾಬೋಲಿಂನಿಂದ ಮಡಗಾಂವ್ ಸ್ಟೇಷನ್ ಸುಮಾರು 25 ಕಿ.ಮೀ. ಮೋಪಾದಿಂದ 60 ಕಿ.ಮೀ.ಗೂ ಹೆಚ್ಚು, ನಡುವೆ ಮಾಪುಸಾ, ಪಣಜಿ ದಾಟಬೇಕು. ಮೋಪಾಕ್ಕೆ ಹತ್ತಿರದ ಸ್ಟೇಷನ್ ಪೆರ್ಣೆಂ ಮತ್ತು ಥಿವಿಂ, ಆದರೆ ಅಲ್ಲಿ ನಿಲ್ಲದ ಗಾಡಿಗಳು ಬಹಳ. ಮಡಗಾಂವ್‌ನಲ್ಲಿ ಕೊಂಕಣದ ಬಹುತೇಕ ರೈಲು ನಿಲ್ತವೆ.

ಹುಬ್ಬಳ್ಳಿ: ಮ್ಯಾಪಲ್ಲಿ ನೋಡಿದರೆ ಹತ್ತಿರ. ಆದರೆ ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಬರೀ ಮಾತಲ್ಲೇ ಇದೆ. ಇಳಿದ ಮೇಲೆ ಘಟ್ಟದ ರಸ್ತೆಯೊಂದೇ ದಾರಿ. ನಕ್ಷೆಯಲ್ಲಿ ಹತ್ತಿರ ಇದ್ದದ್ದು ಹಳಿಯ ಮೇಲೆ ಹತ್ತಿರ ಇರಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಡ.

ಕುಮಟಾಕ್ಕೆ ನನ್ನ ಉತ್ತರ ದಾಬೋಲಿಂ. ಮಡಗಾಂವ್‌ನಿಂದ ಎಕ್ಸ್‌ಪ್ರೆಸ್‌ನಲ್ಲಿ ಕುಮಟಾಕ್ಕೆ ಸುಮಾರು ಎರಡು ಗಂಟೆ. ಎಲ್ಲ ಗಾಡಿ ಕುಮಟಾದಲ್ಲಿ ನಿಲ್ಲಲ್ಲ. ಕಾರವಾರದಲ್ಲಿ ನಿಲ್ಲುವಂಥವು ಹೆಚ್ಚು, ಅಲ್ಲಿಂದ ಬಸ್ ಇದೆ. ರೈಲೇ ಸಿಗದಿದ್ದರೆ ಮಡಗಾಂವ್‌ನಿಂದ ಕಾರವಾರಕ್ಕೆ ಕದಂಬ ಬಸ್. ತೀರಾ ತಡ ಆದರೆ ಟ್ಯಾಕ್ಸಿ: ಜೇಬಿಗೆ ನೋವು, ಆದರೆ ಆ ರಾತ್ರಿಯೇ ಮನೆ. ಬೆಂಗಳೂರಲ್ಲಿ ರೈಲು ತಪ್ಪಿದರೆ ಹೋಗೋದು ಒಂದು ದಿನ, ಇಲ್ಲಿ ಹೋಗೋದು ಕೆಲವು ಗಂಟೆ.

ಟಿಕೆಟ್ ಮಾಡುವ ಮೊದಲು

ಒಂದು, ಬೆಳಗಿನ ಮೊದಲ ವಿಮಾನ ಹಿಡೀರಿ. ಒಂದೇ ವಿಮಾನ ಇಡೀ ದಿನ ಊರೂರು ಸುತ್ತುತ್ತೆ. ಬೆಳಗಿನ ತಡ ಸಂಜೆಗೆ ಬೆಳೆದಿರುತ್ತೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯಿಂದ ಹೊರಡುವವರಿಗೆ ಇದು ಉಲ್ಟಾ: ಮಂಜು ಬೆಳಗಿನ ವಿಮಾನವನ್ನೇ ಹಿಡಿದು ನಿಲ್ಲಿಸುತ್ತೆ. ಆಗ ಮಧ್ಯಾಹ್ನದ್ದು ವಾಸಿ.

ಎರಡು, ರೈಲು ಅಲ್ಲೇ ಹುಟ್ಟುತ್ತಾ, ದೂರದಿಂದ ಬರುತ್ತಾ ನೋಡಿ. ಅಲ್ಲೇ ಹೊರಡುವ ಗಾಡಿ ಸಾಮಾನ್ಯವಾಗಿ ಹೇಳಿದ ಹೊತ್ತಿಗೆ ಬಿಡುತ್ತೆ. ದೂರದಿಂದ ಬರುವ ಗಾಡಿ ತಡ ಆಗಿ ನಿಮಗೆ ಕಾಯಬಹುದು, ಆದರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಮೂರು, ತಾರೀಖು. ಮುಂಬೈಯಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಮಡಗಾಂವ್‌ಗೆ ಬರೋದು ಮಧ್ಯರಾತ್ರಿ ಕಳೆದ ಮೇಲೆ. 14ರ ರಾತ್ರಿ ವಿಮಾನ ಇಳಿಯುವವರು ಮಡಗಾಂವ್‌ನಿಂದ 15ನೇ ತಾರೀಖಿನ ಟಿಕೆಟ್ ಮಾಡಬೇಕು. ಇದರಲ್ಲಿ ಎಡವಿದವರು ಕಡಿಮೆ ಇಲ್ಲ.

ನಾಲ್ಕು, ಮಳೆಗಾಲ. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ, ಗಾಡಿಗಳ ವೇಗ ಕಡಿಮೆ. ಮೇ ತಿಂಗಳ ಸಮಯ ನೆನಪಿಟ್ಟುಕೊಂಡು ಜುಲೈ ಟಿಕೆಟ್ ಮಾಡಬೇಡಿ.

ಐದು, ನಡುವಿನ ಸಮಯ. ವಿಮಾನ ಇಳಿಯುವ ಹೊತ್ತಿನಿಂದ ರೈಲು ಬಿಡುವ ಹೊತ್ತಿಗೆ ದಾಬೋಲಿಂ–ಮಡಗಾಂವ್ ನಡುವೆ ನಾನು ಮೂರು ಗಂಟೆ ಇಡ್ತೀನಿ, ಬೆಂಗಳೂರಲ್ಲಿ ಆರು. ಆ ರೈಲು ದಿನದ ಕೊನೇದಾದರೆ ಇನ್ನೂ ಎರಡು ಗಂಟೆ ಸೇರಿಸ್ತೀನಿ.

ಕಲಬುರಗಿ ಕಡೆಯವರೂ ಇದೇ ಲೆಕ್ಕ ಹಾಕಬಹುದು. ಹೈದರಾಬಾದಲ್ಲಿ ಇಳಿದರೆ ಸಿಕಂದರಾಬಾದಿಗೇ ಓಡಬೇಕಿಲ್ಲ. ಶಂಷಾಬಾದಿನಿಂದ ಹೊರವರ್ತುಲ ರಸ್ತೆಯಲ್ಲಿ ಊರಿನ ಒಳಗೆ ಹೋಗದೇ ಲಿಂಗಂಪಲ್ಲಿ ಕಡೆ ಬರಬಹುದು. ವಾಡಿ, ಕಲಬುರಗಿ ಕಡೆಯ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್‌ನಂಥ ಗಾಡಿ ಆ ದಾರಿಯಲ್ಲೇ ಹೋಗೋದು. ನಿಮ್ಮ ಗಾಡಿ ಅಲ್ಲಿ ನಿಲ್ಲುತ್ತಾ ಅಂತ ನೋಡಿ, ಅದೇ ಸ್ಟೇಷನ್‌ನಿಂದ ಟಿಕೆಟ್ ಮಾಡಿ.

ಸುಮ್ಮನೆ ರಜೆಗೆ ಹೋಗುವಾಗ ನಾನು ಈಗಲೂ ಅಗ್ಗದ ಟಿಕೆಟ್ಟೇ ತಗೊಳ್ತೀನಿ. ತಡ ಆದರೆ ಬೆಂಗಳೂರಲ್ಲಿ ಗೆಳೆಯನ ಮನೇಲಿ ಮಲಗಿದರಾಯ್ತು. ಆದರೆ ಮನೇಲಿ ಯಾರೋ ಕಾಯ್ತಿದ್ದಾರೆ, ಇಂಥ ಹೊತ್ತಿಗೆ ಅಲ್ಲಿರಲೇಬೇಕು ಅಂತಿದ್ದರೆ ಲೆಕ್ಕ ಬೇರೆ. ಹೋದ ತಿಂಗಳು ಅಪ್ಪನ ಚೆಕಪ್ ಇತ್ತು. ದಾಬೋಲಿಂನಲ್ಲಿ ಇಳಿದೆ. ವಿಮಾನ ಮತ್ತೆ ತಡ, ಅಂದುಕೊಂಡ ರೈಲು ಮತ್ತೆ ತಪ್ಪಿತು. ಮುಂದಿನ ಗಾಡಿಯಲ್ಲಿ ಕಾರವಾರಕ್ಕೆ ಬಂದು ಬಸ್ ಹತ್ತಿದೆ. ರಾತ್ರಿ ಊಟದ ಹೊತ್ತಿಗೆ ಮನೇಲಿದ್ದೆ. ಬೆಳಗ್ಗೆ ಆಸ್ಪತ್ರೆಯ ಕಾಗದಕ್ಕೆ ನಾನೇ ಸಹಿ ಹಾಕಿದೆ.

ಮುಂದಿನ ವಾರ ಮತ್ತೆ ಸಿಗೋಣ.